ಕೊಳ್ಳುವ ಪೇಟೆಯ ಪೈಪೋಟಿ

ತಯಾರಿಕಾ ಸಂಸ್ಥೆಯ ದಕ್ಷತೆಯ ಮಾತು ಬಂದಾಗ ಅದು ಸಿದ್ಧವಸ್ತುವನ್ನು ಮಾರುವ ಪೇಟೆಯಲ್ಲಿ ಎಷ್ಟು ಪೈಪೋಟಿಯಿದೆ ಎಂದು ಕೇಳುವುದು ವಾಡಿಕೆ. ಆದಾನಗಳನ್ನು, ಅಂದರೆ ಉತ್ಪಾದನೆಗೆ ಬೇಕಾದ ಉಕ್ಕು, ರಾಸಾಯನಿಕ, ಬಿಡಿಭಾಗ, ಸಾಗಣೆ, ಸಾಲ ಮುಂತಾದವನ್ನು ಅದು ಕೊಳ್ಳುವ ಪೇಟೆ ಹೇಗಿದೆ ಎಂದು ವಿಚಾರಿಸುವವರು ಕಡಿಮೆ. 1991ರ ಆರ್ಥಿಕ ಉದಾರೀಕರಣದ ನಂತರದ ಭಾರತದಲ್ಲಿ ಹೆಚ್ಚು ತೂಕ ಪಡೆದದ್ದು ಈ ಎರಡನೆಯ ಪ್ರಶ್ನೆಯೇ.

ಅದಕ್ಕೆ ಮೊದಲು ಹೆಚ್ಚಿನ ಆಮದಿಗೆ ಪರವಾನಗಿ ಬೇಕಿತ್ತು, ಸರಾಸರಿ ಸುಂಕ ಶೇ 80ನ್ನು ಮೀರಿತ್ತು, ದೊಡ್ಡ ಉಕ್ಕು ಕಾರ್ಖಾನೆಗಳ ಮಾಲಿನ ಬೆಲೆ ಮತ್ತು ಹಂಚಿಕೆಯ ಮೇಲೆ ಸರ್ಕಾರದ ಹಿಡಿತವಿತ್ತು. ಇಂಥ ಪೇಟೆಯಲ್ಲಿ ಬೇಕಾದ ದರ್ಜೆಯ ಸಾಮಗ್ರಿ ದೊರೆಯದ ಸಂಸ್ಥೆ ದೊರೆತದ್ದರಲ್ಲೇ ಹೊಂದಿಸಿಕೊಳ್ಳಬೇಕು, ಪೂರೈಕೆ ತಪ್ಪೀತೆಂಬ ಅಂಜಿಕೆಯಿಂದ ಬಂಡವಾಳವನ್ನು ದಾಸ್ತಾನಿನಲ್ಲಿ ತೊಡಗಿಸಬೇಕು. ಪೂರೈಕೆದಾರನಿಗಂತೂ ಗುಣಮಟ್ಟ ಸುಧಾರಿಸುವ ಒತ್ತಡವೇ ಇರುವುದಿಲ್ಲ.

1996ರ ವೇಳೆಗೆ ಸರಾಸರಿ ಸುಂಕ ಶೇ 40ರ ಆಸುಪಾಸಿಗೆ ಇಳಿಯಿತು. ಅಷ್ಟೇ ಶ್ರಮ, ಬಂಡವಾಳ, ಸಾಮಗ್ರಿಯಿಂದ ಎಷ್ಟು ಹೆಚ್ಚು ಉತ್ಪನ್ನ ತೆಗೆಯಲಾಗುತ್ತದೆ ಎಂಬುದೇ ಉತ್ಪಾದಕತೆಯಾದರೆ, ಅದನ್ನು ಹೆಚ್ಚು ಏರಿಸಿದ್ದು ಸಿದ್ಧವಸ್ತುಗಳ ಸುಂಕ ಇಳಿದದ್ದಲ್ಲ, ಆದಾನಗಳ ಸುಂಕ ಇಳಿದದ್ದು ಎಂದು ಪೆಟಿಯಾ ಟೋಪಲೋವಾ ಮತ್ತು ಅಮಿತ್ ಖಂಡೇಲ್‌ವಾಲ್ 2011ರಲ್ಲಿ ತೋರಿಸಿದರು. ಇಂಡೋನೇಷ್ಯಾದ ಕಾರ್ಖಾನೆಗಳ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನವೂ ಇದನ್ನೇ ಹೇಳಿತ್ತು.

ಇದಕ್ಕೆ ಅಗ್ಗದ ಬೆಲೆಯೊಂದೇ ಕಾರಣವೆಂದು ತಿಳಿಯುವುದು ಅವಸರದ ತೀರ್ಮಾನ. ಹಿಂದೆ ದೇಶದಲ್ಲಿ ಸಿಗದಿದ್ದ ಬಗೆಬಗೆಯ ಸಾಮಗ್ರಿಗಳು ಕೈಗೆಟುಕಿದ್ದರಿಂದ ಹಿಂದೆ ತಯಾರಿಸಲಾಗದಿದ್ದ ವಸ್ತುಗಳ ತಯಾರಿಕೆಯೂ ಸಾಧ್ಯವಾಯಿತು. ಆ ಅವಧಿಯಲ್ಲಿ ದೇಶೀಯ ಸಂಸ್ಥೆಗಳು ಹೊರತಂದ ಹೊಸ ಉತ್ಪನ್ನಗಳಲ್ಲಿ ಸುಮಾರು ಶೇ 31ರಷ್ಟಕ್ಕೆ ಆದಾನ ಸುಂಕದ ಇಳಿಕೆಯೇ ಕಾರಣವೆಂದು 2010ರ ಇನ್ನೊಂದು ಅಧ್ಯಯನ ಲೆಕ್ಕಹಾಕಿದೆ. ಬ್ಯಾಂಕಿಂಗ್, ದೂರಸಂಪರ್ಕ, ವಿಮೆ, ಸಾರಿಗೆಗಳಲ್ಲಿ ನಡೆದ ಸುಧಾರಣೆಗಳಿಂದಲೂ ತಯಾರಿಕಾ ಸಂಸ್ಥೆಗಳ ಉತ್ಪಾದಕತೆ ಹೆಚ್ಚಿತು, ಏಕೆಂದರೆ ಸೇವೆಯೂ ಕೊಂಡು ತರುವ ಆದಾನವೇ.

ಈ ಲಾಭ ಗ್ರಾಹಕನವರೆಗೆ ಬಂದಿತೇ ಎಂಬುದಕ್ಕೆ ಉತ್ತರ ಅಷ್ಟು ಹಿತಕರವಲ್ಲ. ಯಾನ್ ಡಿ ಲೋಕರ್ ಮತ್ತು ಸಂಗಡಿಗರು 2016ರಲ್ಲಿ ಕಂಡುಕೊಂಡಂತೆ, ಸಂಸ್ಥೆಗಳ ತಯಾರಿಕಾ ವೆಚ್ಚ ಇಳಿದಷ್ಟು ಅವುಗಳ ಮಾರಾಟ ಬೆಲೆ ಇಳಿಯಲಿಲ್ಲ. ಉಳಿತಾಯದ ಗಣನೀಯ ಪಾಲು ವೆಚ್ಚ ಮತ್ತು ಬೆಲೆಯ ನಡುವಿನ ಅಂತರವಾಗಿ ಸಂಸ್ಥೆಗಳಲ್ಲಿಯೇ ಉಳಿಯಿತು.