ಎರೆಮಣ್ಣಿನ ಕಾಲುವೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸಹ್ಯಾದ್ರಿಯ ಮಳೆನೀರನ್ನು ಹೊತ್ತು ಪೂರ್ವಕ್ಕೆ ಹರಿಯುತ್ತಾಳೆ. ಸವದತ್ತಿಯ ಸಮೀಪ ನವಿಲುತೀರ್ಥದ ಕಣಿವೆಯಲ್ಲಿ ಅವಳಿಗೆ ಅಣೆಕಟ್ಟು ಅಡ್ಡ ನಿಂತಿದೆ. 1970ರ ದಶಕದಲ್ಲಿ ಬಳಕೆಗೆ ಬಂದ ಈ ಜಲಾಶಯದ ಸಾಮರ್ಥ್ಯ 37.73 ಟಿಎಂಸಿ. ಇಲ್ಲಿಂದ ಹೊರಡುವ ಕಾಲುವೆಗಳು ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ ಜಿಲ್ಲೆಗಳ ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ನೆಲಕ್ಕೆ ನೀರುಣಿಸಬೇಕೆಂಬುದು ಯೋಜನೆಯ ಲೆಕ್ಕ. ಧಾರವಾಡ ಜಿಲ್ಲೆಯ ಮಟ್ಟಿಗೆ ಈ ನೀರು ಮುಖ್ಯವಾಗಿ ನವಲಗುಂದ, ಅಣ್ಣಿಗೇರಿಯ ಬಯಲಿನದು. ಕಲಘಟಗಿ, ಕುಂದಗೋಳದ ಕಡೆಗೆ ಇಂದಿಗೂ ಮಳೆ, ಕೆರೆ, ಕೊಳವೆಬಾವಿಗಳೇ ಆಸರೆ.

ನವಲಗುಂದದ ಬಯಲು ಕಣ್ಣು ಹಾಯುವಷ್ಟು ದೂರ ಎರೆ ಭೂಮಿ. ಹತ್ತಿ, ಕಡಲೆ, ಬಿಳಿಜೋಳ, ಗೋಧಿಗೆ ಹೇಳಿಮಾಡಿಸಿದ ನೆಲ. ಹಿಂಗಾರಿನಲ್ಲಿ ಒಂದೆರಡು ಹದವಾದ ಮಳೆ ಬಿದ್ದರೆ ಸಾಕು, ಆ ತೇವವನ್ನೇ ಹಿಡಿದಿಟ್ಟುಕೊಂಡು ಬೆಳೆಯನ್ನು ದಡ ಮುಟ್ಟಿಸುತ್ತದೆ. ಬೆಳೆಗೆ ವರವಾದ ಈ ಗುಣವೇ ಕಾಲುವೆಗೆ ಮುಳುವಾಗುತ್ತದೆ. ಎರೆ ನೆಲದಲ್ಲಿ ತೋಡಿದ ಕಾಲುವೆಯ ಕಾಂಕ್ರೀಟ್ ಲೈನಿಂಗ್ ಕೆಲವೇ ವರ್ಷಗಳಲ್ಲಿ ಅಲ್ಲಲ್ಲಿ ಉಬ್ಬುತ್ತದೆ, ಇಳಿಜಾರಿನ ಉದ್ದಕ್ಕೂ ಸೀಳುತ್ತದೆ, ಕೊನೆಗೆ ಹಲಗೆ ಹಲಗೆಯಾಗಿ ಕಳಚಿ ತಳಕ್ಕೆ ಜಾರುತ್ತದೆ. ಸೀಳಿನಲ್ಲಿ ಹುಲ್ಲು ಹುಟ್ಟುತ್ತದೆ, ಹುಲ್ಲಿನ ಹಿಂದೆ ಜಾಲಿ ಬೇರಿಳಿಸುತ್ತದೆ. ಕಳಪೆ ಕಾಮಗಾರಿಯೂ ಇದಕ್ಕೆ ಕಾರಣವಾಗಬಹುದು. ಆದರೆ ಕಾಮಗಾರಿ ಚೊಕ್ಕವಾಗಿದ್ದಾಗಲೂ ಲೈನಿಂಗ್ ಒಡೆಯುವುದುಂಟು. ಕಾರಣ ಮಣ್ಣಿನೊಳಗೇ ಇದೆ.

ಎರೆಮಣ್ಣಿನ ಜೇಡಿಯಲ್ಲಿ ಸ್ಮೆಕ್ಟೈಟ್ ಗುಂಪಿನ ಖನಿಜಗಳದೇ ಮೇಲುಗೈ. ಅವುಗಳಲ್ಲಿ ಹೆಸರುವಾಸಿಯಾದದ್ದು ಮಾಂಟ್‌ಮೊರಿಲೊನೈಟ್. ಸುಣ್ಣ, ಮೆಗ್ನೀಸಿಯಂ ಹೇರಳವಾಗಿರುವ ಶಿಲೆಗಳು ಶಿಥಿಲಗೊಂಡು, ನೀರು ಸರಾಗವಾಗಿ ಬಸಿದುಹೋಗದ ತಗ್ಗುಗಳಲ್ಲಿ ಇಂಥ ಖನಿಜಗಳು ರೂಪುಗೊಳ್ಳುತ್ತವೆ. ಇವುಗಳ ಕಣ ಒಂದರ ಮೇಲೊಂದು ಕೂತ ಪದರಗಳ ಕಟ್ಟು. ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಪದರದೊಳಗೆ ಅಲ್ಯೂಮಿನಿಯಂ ಇರಬೇಕಾದ ಕೆಲವು ಕಡೆ ಮೆಗ್ನೀಸಿಯಂ ಸೇರಿಕೊಂಡಿರುವುದರಿಂದ ಇಡೀ ಪದರಕ್ಕೆ ಋಣ ವಿದ್ಯುದಾವೇಶ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಕ್ಯಾಲ್ಸಿಯಂ ಅಯಾನುಗಳು ಪದರಗಳ ನಡುವೆ ಬಂದು ನಿಲ್ಲುತ್ತವೆ. ನೀರು ಸಿಕ್ಕ ಕೂಡಲೇ ಈ ಅಯಾನುಗಳು ಅದನ್ನು ಒಳಗೆಳೆದುಕೊಳ್ಳುತ್ತವೆ. ಪದರಗಳು ದೂರ ಸರಿಯುತ್ತವೆ, ಮಣ್ಣು ಹಿಗ್ಗುತ್ತದೆ. ಒಂದು ಗ್ರಾಂ ಶುದ್ಧ ಮಾಂಟ್‌ಮೊರಿಲೊನೈಟಿನ ಪದರಗಳನ್ನೆಲ್ಲ ಬಿಡಿಸಿ ಹಾಸಿದರೆ ಅದರ ಮೇಲ್ಮೈ 700ರಿಂದ 800 ಚದರ ಮೀಟರ್ ಆದೀತು. ಎರೆ ಭೂಮಿ ಅಷ್ಟೊಂದು ತೇವವನ್ನು ಎಲ್ಲಿ ಅಡಗಿಸಿಡುತ್ತದೆ ಎಂಬುದಕ್ಕೆ ಈ ಅಂಕಿಯೇ ಉತ್ತರ.

ಹಿಗ್ಗುವ ಮಣ್ಣನ್ನು ಮೇಲಿನಿಂದ ಅದುಮಿ ಹಿಡಿದರೆ ಅದು ಅಷ್ಟೇ ಬಲದಿಂದ ತಿರುಗಿ ಒತ್ತುತ್ತದೆ. ಈ ಹಿಗ್ಗುವಿಕೆಯ ಒತ್ತಡ ಎರೆಮಣ್ಣಿನಲ್ಲಿ ಪ್ರತಿ ಚದರ ಮೀಟರಿಗೆ ಐದು ಟನ್ನಿನಿಂದ ಮೂವತ್ತು ಟನ್ನಿನವರೆಗೂ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗುತ್ತದೆ. ಕಾಲುವೆಗೆ ಹೊದಿಸುವ ಹತ್ತು ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಪ್ರತಿ ಚದರ ಮೀಟರಿಗೆ ತೂಗುವುದು ಸುಮಾರು 240 ಕಿಲೊ ಮಾತ್ರ. ಈ ಅಸಮ ಸೆಣಸಾಟದಲ್ಲಿ ಗೆಲುವು ಯಾರದೆಂದು ಬೇರೆ ಹೇಳಬೇಕಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಸಂದುಗಳಿಂದ ಒಳಸೇರಿದ ತೇವ ಹಿಂದಿನ ಮಣ್ಣನ್ನು ಉಬ್ಬಿಸಿ ಹಲಗೆಗಳನ್ನು ಎತ್ತುತ್ತದೆ. ನೀರು ನಿಂತ ಮೇಲೆ ಮಣ್ಣು ಕುಗ್ಗಿ, ಹಲಗೆಯ ಬೆನ್ನಿಗೆ ಟೊಳ್ಳು ಬಿಡುತ್ತದೆ. ಕಾಲುವೆಯ ನೀರನ್ನು ಒಮ್ಮೆಲೇ ಇಳಿಸಿದರೆ ಇನ್ನೊಂದು ಅಪಾಯ: ದಂಡೆಯ ಮಣ್ಣಿನಲ್ಲಿ ಉಳಿದ ನೀರಿಗೆ ಎದುರೊತ್ತು ಇಲ್ಲದಂತಾಗಿ, ಅದು ಹಲಗೆಯನ್ನು ಹಿಂದಿನಿಂದ ತಳ್ಳಿ ಕೆಡಹುತ್ತದೆ.

ಬೇಸಿಗೆಯಲ್ಲಿ ಬರಿದಾದ ಕಾಲುವೆಗೆ ಇಳಿದು ನೋಡಿದರೆ ಈ ಕಥೆ ಕಣ್ಣಿಗೇ ಕಾಣುತ್ತದೆ. ಲೈನಿಂಗ್ ಕಿತ್ತುಹೋದ ಜಾಗದಲ್ಲಿ ಎರೆ ಬಿರಿದು, ಅಂಗೈ ಇಳಿಯುವಷ್ಟು ಅಗಲದ ಬಿರುಕುಗಳು ಒಂದನ್ನೊಂದು ಕೂಡಿಕೊಂಡು ಬಲೆಯಂತೆ ಹರಡಿರುತ್ತವೆ. ಕೆಲವು ಒಂದು ಮೀಟರಿಗಿಂತಲೂ ಆಳ. ತೊಯ್ದ ಎರೆಮಣ್ಣು ನೀರನ್ನು ಸುಲಭಕ್ಕೆ ಇಂಗಗೊಡದು ಎಂಬುದು ನಿಜ. ಆದರೆ ಒಣಗಿದ ಎರೆ ತದ್ವಿರುದ್ಧ. ಹಂಗಾಮಿನ ಮೊದಲ ನೀರು ಮುಂದಕ್ಕೆ ಹರಿಯುವ ಮೊದಲು ಈ ಬಿರುಕುಗಳ ಹೊಟ್ಟೆ ತುಂಬಬೇಕು. ಮಣ್ಣು ಹಿಗ್ಗಿ ಬಾಯಿ ಮುಚ್ಚಿಕೊಳ್ಳುವವರೆಗೆ ಕಾಲುವೆಯ ಕೊನೆಯ ಹಳ್ಳಿಗಳು ಕಾಯಬೇಕು.

ಹಾಗಾದರೆ ಇಂಥ ನೆಲದಲ್ಲಿ ಕಾಲುವೆಯನ್ನು ನಿಲ್ಲಿಸುವುದು ಹೇಗೆ? ಐಐಟಿ ಬಾಂಬೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಮತ್ತು ಸಂಗಡಿಗರು ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ಅವರ ಗಮನ ಸೆಳೆದದ್ದು ಎರೆ ನೆಲದ ಒಂದು ವಿಚಿತ್ರ. ನೀರುಂಡಾಗ ಉಬ್ಬುವುದು ಮೇಲಿನ ಒಂದು, ಒಂದೂಕಾಲು ಮೀಟರ್ ಮಣ್ಣು ಮಾತ್ರ. ಅದರ ಕೆಳಗಿನದು ಅದೇ ಮಣ್ಣಾಗಿದ್ದೂ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ. ಮೇಲಿನ ಪದರದ ಭಾರವೊಂದೇ ಇದಕ್ಕೆ ಸಾಲದು. ಕಣಗಳ ನಡುವೆ ಏರ್ಪಡುವ ಅಂಟುಬಲವೂ ಕೆಳಗಿನ ಮಣ್ಣನ್ನು ಹಿಡಿದಿಡುತ್ತದೆ ಎಂದು ಅವರು ವಿವರಿಸಿದರು. ಮೇಲಿನ ಎರೆಯನ್ನು ತೆಗೆದು, ಅಂಟುಗುಣವಿದ್ದೂ ಹಿಗ್ಗದ ಮಣ್ಣನ್ನು ಅಷ್ಟೇ ದಪ್ಪಕ್ಕೆ ತುಂಬಿ ದಮ್ಮಸು ಮಾಡಿದರೆ ಅದೇ ಸ್ಥಿತಿಯನ್ನು ಕೃತಕವಾಗಿ ತರಬಹುದು ಎಂಬುದು ಅದರಿಂದ ಹೊರಟ ಉಪಾಯ. ಬರೀ ಮರಳು ತುಂಬಿದರೆ ಕೆಲಸ ಆಗದು, ಅದಕ್ಕೆ ಅಂಟಿಲ್ಲ. ತಕ್ಕಷ್ಟು ಜೇಡಿ ಬೆರೆತ ಗರಸು ಈ ಕೆಲಸಕ್ಕೆ ಒದಗುತ್ತದೆ. ಈ ಹಿಗ್ಗದ ಪದರವನ್ನು ಆರಂಭದ ದಿನಗಳಲ್ಲೇ ಬಳಸಿದ ಕಾಲುವೆಗಳಲ್ಲಿ ಮಲಪ್ರಭಾ ಬಲದಂಡೆ ಕಾಲುವೆಯೂ ಒಂದು. ಮುಂದೆ ಭಾರತೀಯ ಮಾನಕ ಸಂಸ್ಥೆ ಎರೆ ನೆಲದ ಕಾಲುವೆಗಳಿಗಾಗಿ ಹೊರತಂದ ಮಾರ್ಗಸೂಚಿಯಲ್ಲಿ ಈ ವಿಧಾನಕ್ಕೆ ಜಾಗ ಸಿಕ್ಕಿತು. ಒತ್ತಡ ಹೆಚ್ಚಿರುವ ದೊಡ್ಡ ಕಾಲುವೆಗಳಿಗೆ ಪದರ ಒಂದು ಮೀಟರಿನಷ್ಟು ದಪ್ಪ ಇರಬೇಕು.

ತೊಡಕೆಂದರೆ, ಎರೆ ಬಯಲಿನ ನಡುವೆ ಗರಸು ಸಿಗದು. ದೂರದ ಗುಡ್ಡಗಳಿಂದ ಹೇರಿ ತರಬೇಕು. ಕ್ಯಾಲಿಫೋರ್ನಿಯಾದ ಫ್ರಯಂಟ್–ಕರ್ನ್ ಕಾಲುವೆಯಲ್ಲಿ 1970ರ ದಶಕದಲ್ಲಿ ಬೇರೆ ದಾರಿ ಹಿಡಿದರು. ಅಲ್ಲಿನ ಹಿಗ್ಗುವ ಜೇಡಿಮಣ್ಣಿಗೇ ಶೇ 4ರಷ್ಟು ಸುಣ್ಣ ಬೆರೆಸಿ ಇಳಿಜಾರುಗಳನ್ನು ಮತ್ತೆ ಕಟ್ಟಿದರು. ಸುಣ್ಣದ ಕ್ಯಾಲ್ಸಿಯಂ ಪದರಗಳ ನಡುವಿನ ಸೋಡಿಯಂ ಅನ್ನು ಹೊರದೂಡಿ ನೀರಿನ ದಾಹವನ್ನು ತಗ್ಗಿಸುತ್ತದೆ, ದಿನ ಕಳೆದಂತೆ ಕಣಗಳನ್ನು ಬೆಸೆಯುತ್ತದೆ. ಹಾದಿ ಎರಡಾದರೂ ಅವುಗಳ ಹಿಂದಿರುವ ಅರಿವು ಒಂದೇ: ಎರೆ ನೆಲದಲ್ಲಿ ಕಾಲುವೆ ದುರಸ್ತಿಯೆಂದರೆ ಮೊದಲು ಮಣ್ಣಿನ ಹಿಗ್ಗುವಿಕೆಯನ್ನು ಅಂಕೆಯಲ್ಲಿಡುವ ಕೆಲಸ, ಕಾಂಕ್ರೀಟಿನ ಕೆಲಸ ಆಮೇಲಿನದು. ಆದರೆ ದುರಸ್ತಿಗೆ ಬಿಡುವು ಸಿಗುವುದು ನೀರು ನಿಂತ ಬೇಸಿಗೆಯಲ್ಲಿ, ಅಂದರೆ ಮಣ್ಣು ಪೂರಾ ಕುಗ್ಗಿರುವ ಹೊತ್ತಿನಲ್ಲಿ. ಆ ಒಣ ಎರೆಯ ಮೇಲೆ ನೇರವಾಗಿ ಹಲಗೆ ಕೂರಿಸಿದರೆ ಮೊದಲ ನೀರಿಗೇ ಅದು ಮೇಲೇಳುತ್ತದೆ.

ಇಷ್ಟೆಲ್ಲ ಶ್ರಮಕ್ಕೆ ಸಿಗುವುದೇನು ಎಂಬುದನ್ನು ಒಂದು ಸರಳ ಲೆಕ್ಕದಿಂದ ಅಂದಾಜಿಸಬಹುದು. ಹತ್ತು ಲಕ್ಷ ಚದರ ಮೀಟರ್ ತೊಯ್ದ ಮೇಲ್ಮೈಗೆ ಲೈನಿಂಗ್ ಇಲ್ಲದ ಜೇಡಿ ಕಾಲುವೆಯಲ್ಲಿ ಸೆಕೆಂಡಿಗೆ ಸುಮಾರು 2 ಘನ ಮೀಟರ್, ಒಳ್ಳೆಯ ಲೈನಿಂಗ್ ಇದ್ದಲ್ಲಿ 0.6 ಘನ ಮೀಟರ್ ನೀರು ಸೋರುತ್ತದೆಂದು ಹಿಡಿಯುವುದು ವಾಡಿಕೆ. ನೂರು ಕಿಲೊಮೀಟರ್ ಉದ್ದದ, ತೊಯ್ದ ಸುತ್ತಳತೆ 20 ಮೀಟರ್ ಇರುವ ಕಾಲುವೆ 120 ದಿನ ಹರಿದರೆ ಈ ಎರಡರ ನಡುವಿನ ವ್ಯತ್ಯಾಸ ಸುಮಾರು 2.9 ಕೋಟಿ ಘನ ಮೀಟರ್. ಹತ್ತಿರ ಹತ್ತಿರ ಒಂದು ಟಿಎಂಸಿ. ಹೋಲಿಕೆಗೆ ಹೇಳುವುದಾದರೆ, ಮಹದಾಯಿ ಜಲವಿವಾದ ನ್ಯಾಯಮಂಡಳಿ 2018ರ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನಲ್ಲಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ ತಿರುಗಿಸಲು ಒಪ್ಪಿದ್ದು 1.72 ಮತ್ತು 2.18, ಒಟ್ಟು 3.9 ಟಿಎಂಸಿ. ಗೋವಾದೊಡನೆ ದಶಕಗಳ ಕಾಲ ನಡೆದ ವ್ಯಾಜ್ಯದಿಂದ ದಕ್ಕಿದ, ಬಹುತೇಕ ಕುಡಿಯುವ ನೀರಿನ ಬೇಡಿಕೆಗಾಗಿ ಕೇಳಿದ ಆ ಪಾಲಿಗೆ ಸೋರಿಕೆಯ ಉಳಿತಾಯ ಬದಲಿಯಾಗದು. ಆದರೂ ಸೋರುವ ಕಾಲುವೆಯ ತೂಕ ಎಷ್ಟೆಂಬುದು ಇದರಿಂದ ತಿಳಿಯುತ್ತದೆ.

ಸೋರಿಕೆಯ ನಷ್ಟ ಎಲ್ಲರಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ ಎಂಬುದು ಇನ್ನೊಂದು ಮಾತು. ಕಾಲುವೆ ಮೇಲ್ಗಡೆ ಒಡೆದರೆ ಅಲ್ಲಿನ ಹೊಲಕ್ಕೆ ನೀರು ಹೇಗೂ ಸಿಗುತ್ತದೆ, ಕೆಲವೊಮ್ಮೆ ಹೆಚ್ಚಾಗಿ ಜೌಗು ಹಿಡಿಯುತ್ತದೆ. ಒಣಗುವುದು ಕೊನೆಯ ಹೊಲ. 1980ರ ಜುಲೈನಲ್ಲಿ ನರಗುಂದ, ನವಲಗುಂದಗಳಲ್ಲಿ ಸ್ಫೋಟಿಸಿದ ರೈತ ಬಂಡಾಯದ ಹಿಂದೆ, ಸರಿಯಾಗಿ ನೀರು ಮುಟ್ಟದ ಹೊಲಗಳಿಗೂ ಬೆಟರ್‌ಮೆಂಟ್ ಲೆವಿ (ಅಭಿವೃದ್ಧಿ ಕರ) ಕಟ್ಟಬೇಕೆಂಬ ಒತ್ತಾಯದ ಸಿಟ್ಟಿತ್ತು. ಜುಲೈ 21ರ ಗೋಲಿಬಾರಿನ ನೆನಪಿಗೆ ಆ ದಿನವನ್ನು ಇಂದಿಗೂ ರೈತ ಹುತಾತ್ಮ ದಿನವಾಗಿ ಆಚರಿಸುತ್ತಾರೆ.

ಕಾಲುವೆ ರಾಜ್ಯದ ಗಡಿ ದಾಟಿದಾಗ ಈ ಮೇಲು-ಕೆಳಗಿನ ನಂಟು ಇನ್ನಷ್ಟು ಸಿಕ್ಕಾಗುತ್ತದೆ. ರಾಯಚೂರು ಜಿಲ್ಲೆಯಲ್ಲಿ ತುಂಗಭದ್ರೆಗೆ ಕಟ್ಟಿದ ರಾಜೋಳಿಬಂಡ ತಿರುವು ಯೋಜನೆಯ ಕಾಲುವೆ ಮೊದಲ ನಲವತ್ತಕ್ಕೂ ಹೆಚ್ಚು ಕಿಲೊಮೀಟರ್ ಕರ್ನಾಟಕದಲ್ಲಿ ಹರಿದು ತೆಲಂಗಾಣ ಸೇರುತ್ತದೆ. ಅದರ 17.1 ಟಿಎಂಸಿಯಲ್ಲಿ 1.2 ಕರ್ನಾಟಕದ್ದು, 15.9 ತೆಲಂಗಾಣದ್ದು. ದುರಸ್ತಿ ಆಗಬೇಕಾದದ್ದು ಒಂದು ರಾಜ್ಯದ ನೆಲದಲ್ಲಿ, ಫಲ ಕಾಣಬೇಕಾದದ್ದು ಇನ್ನೊಂದು ರಾಜ್ಯದ ಹೊಲದಲ್ಲಿ. ಹೊಸಪೇಟೆಯ ತುಂಗಭದ್ರಾ ಜಲಾಶಯಕ್ಕಾದರೆ 1953ರಿಂದ ಒಂದು ಜಂಟಿ ಮಂಡಳಿ ಇದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ಕಡಿದು 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ, ಒಂದು ವಾರದಲ್ಲಿ ಅಲ್ಲಿಗೆ ತಾತ್ಕಾಲಿಕ ತಡೆ ಇಳಿಸಲಾಯಿತು. ಎಲ್ಲರ ಕಣ್ಣೂ ನೆಟ್ಟಿದ್ದ ಅಂಥ ಅವಘಡದಲ್ಲಿ ದುರಸ್ತಿ ಬೇಗ ಆಗುತ್ತದೆ. ಸದ್ದಿಲ್ಲದೆ ವರ್ಷಗಟ್ಟಲೆ ಸೋರುವ ಕಾಲುವೆಗೆ ಆ ಗಮನ ಸಿಗುವುದು ಅಪರೂಪ.

ಆದ್ದರಿಂದ ದುರಸ್ತಿಯ ಪಟ್ಟಿಯಲ್ಲಿ ಗರಸು, ಕಾಂಕ್ರೀಟಿನ ಜೊತೆಗೆ ಸಣ್ಣದೆನಿಸುವ ಕೆಲಸಗಳೂ ಇರಬೇಕು: ನೀರನ್ನು ನಿಧಾನವಾಗಿ ಏರಿಸುವುದು, ನಿಧಾನವಾಗಿ ಇಳಿಸುವುದು, ಹಲಗೆಗಳ ಸಂದುಗಳನ್ನು ವರ್ಷವರ್ಷ ಮುಚ್ಚುವುದು, ಜಾಲಿಯನ್ನು ಬೇರು ಬಿಡುವ ಮುನ್ನ ಕೀಳುವುದು, ಹೊರಟ ನೀರು ಮತ್ತು ತಲುಪಿದ ನೀರು ಎರಡನ್ನೂ ಅಳೆದು ಬರೆದಿಡುವುದು. ಎಷ್ಟು ಕಿಲೊಮೀಟರ್ ಲೈನಿಂಗ್ ಆಯಿತು ಎಂಬುದು ಗುತ್ತಿಗೆಯ ಬಿಲ್ಲಿಗೆ ಸಾಕಾಗುವ ಅಳತೆ. ಕೆಲಸ ಫಲಿಸಿತೇ ಎಂಬುದನ್ನು ಕೊನೆಯ ತೂಬಿನಲ್ಲಿ, ಎರಡು ಮೂರು ಹಂಗಾಮು ಕಳೆದ ಮೇಲೆ ಅಳೆಯಬೇಕು.