ರಿಪೇರಿಯಾಗಿ ಬಂದ ಜೀಪು ಮರುದಿನ ಸ್ಟಾರ್ಟ್ ಆಗದಿದ್ದರೆ

2019ರ ಜುಲೈ. ಅಡಿಕೆಗೆ ಎರಡನೇ ಬೋರ್ಡೋ ಬಿಡಬೇಕಿತ್ತು. ಎರಡು ದಿನದಿಂದ ಮಳೆ ಹೊಳವಾಗಿತ್ತು. ಮದ್ದು ಬಿಡುವವರು ಬೆಳಗ್ಗೆ ಒಂಬತ್ತಕ್ಕೆ ಬರುತ್ತೇವೆಂದು ಹೇಳಿ ಕಳಿಸಿದ್ದರು. ಆ ದಿನ ತಪ್ಪಿದರೆ ಅವರು ಮತ್ತೆ ಸಿಗುವುದು ವಾರ ಕಳೆದ ಮೇಲೆ. ಅಷ್ಟರಲ್ಲಿ ಕೊಳೆರೋಗ ಬಂದರೆ ಹೇಳುವುದೇ ಬೇಡ. ಮೈಲುತುತ್ತು ತರಲು 14 ಕಿ.ಮೀ. ದೂರದ ಪೇಟೆಗೆ ಹೋಗಬೇಕು. ನನ್ನ 1996ರ ಡೀಸೆಲ್ ಜೀಪು ಹೆಡ್ ಗ್ಯಾಸ್ಕೆಟ್ ಹಾಕಿಸಿಕೊಂಡು ಹಿಂದಿನ ಸಂಜೆಯಷ್ಟೇ ಗ್ಯಾರೇಜಿನಿಂದ ಬಂದಿತ್ತು. ದಾರಿಯಲ್ಲಿ ಚೆನ್ನಾಗಿಯೇ ಓಡಿತ್ತು.

ಬೆಳಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ನಾನು ಮಾಡಿದ ಮೊದಲ ತಪ್ಪು ಸಿಟ್ಟಿನಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆದದ್ದು. ಬ್ಯಾಟರಿ ಕೂತೇ ಹೋಯಿತು. ಎರಡನೇ ತಪ್ಪು, ಮೆಕ್ಯಾನಿಕ್‌ಗೆ ಫೋನ್ ಮಾಡಿ ಬೈದದ್ದು. ಅವರು ಬೇಜಾರು ಮಾಡಿಕೊಳ್ಳದೆ ಒಂದೇ ಪ್ರಶ್ನೆ ಕೇಳಿದರು: "ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಲ್ಲಿ ಹೊಗೆ ಬರ್ತದಾ ಅಣ್ಣ?"

ಈ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಎಂಜಿನ್ ಸರಿಯಾದ ವೇಗದಲ್ಲಿ ತಿರುಗಿಯೂ ಹೊಗೆ ಬರದಿದ್ದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ. ಆಗ ಹೀಟರ್ ಪ್ಲಗ್, ಕಂಪ್ರೆಷನ್, ಪಂಪಿನ ಟೈಮಿಂಗ್ ನೋಡಿಸಬೇಕು. ಅದು ಗ್ಯಾರೇಜಿನ ಕೆಲಸ. ಎಂಜಿನ್ ನಿಧಾನ ತಿರುಗಿದರೆ ಬ್ಯಾಟರಿ ಟರ್ಮಿನಲ್ ಮತ್ತು ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿ ನೋಡಿ. ರಿಪೇರಿಗೆಂದು ಬಿಚ್ಚಿದ ಪಟ್ಟಿಯನ್ನು ವಾಪಸು ಬಿಗಿಯಲು ಮರೆಯುವುದುಂಟು.

ಹತ್ತಿರದ ಮನೆಯ ಭಾವ ತಮ್ಮ ಪಿಕಪ್ಪಿನ ಬ್ಯಾಟರಿ ತಂದರು. ಹೊಗೆ ಇರಲಿಲ್ಲ. ಸ್ಟಾಪ್ ಕೇಬಲ್ ಎಳೆದಲ್ಲೇ ಸಿಕ್ಕಿಕೊಂಡಿದೆಯಾ ಎಂದು ನೋಡಿದೆವು, ಸರಿ ಇತ್ತು. ಉಳಿದದ್ದು ಗಾಳಿ. ಗ್ಯಾಸ್ಕೆಟ್ ಕೆಲಸದ ಜತೆಗೆ ಡೀಸೆಲ್ ಲೈನನ್ನೂ ಬಿಚ್ಚಿ ಕ್ಲೀನ್ ಮಾಡಿದ್ದರು. ಲೈನಿನಲ್ಲಿ ಗಾಳಿ ಇದ್ದರೆ ಪಂಪು ಎಷ್ಟು ಒತ್ತಿದರೂ ಗಾಳಿ ಕುಗ್ಗುತ್ತದೆ, ಇಂಜೆಕ್ಟರ್ ಬಾಯಿ ತೆರೆಯುವಷ್ಟು ಒತ್ತಡ ಬರುವುದಿಲ್ಲ.

ಗಾಳಿ ತೆಗೆಯುವ ಕ್ರಮ ಹೀಗೆ. ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಒಂದೆರಡು ಸುತ್ತು ಸಡಿಲಿಸಿ. ಫೀಡ್ ಪಂಪಿನ ಕೈಪಂಪನ್ನು ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ಗುಳ್ಳೆಯಿಲ್ಲದ ಡೀಸೆಲ್ ಬಂದಾಗ, ಒತ್ತುತ್ತಿರುವಂತೆಯೇ ಸ್ಕ್ರೂ ಬಿಗಿಯಿರಿ. ಇಂಜೆಕ್ಷನ್ ಪಂಪಿನ ಸ್ಕ್ರೂವಿಗೂ ಹೀಗೇ ಮಾಡಿ. ಆಮೇಲೆ ಇಂಜೆಕ್ಟರ್ ತುದಿಯಲ್ಲಿ ಪೈಪಿನ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಲು ಹೇಳಿ. ಡೀಸೆಲ್ ಬಂದರೆ ಬಿಗಿಯಿರಿ. ಕೈ, ಮುಖ ದೂರ ಇರಲಿ. ಇಲ್ಲಿ ಚಿಮ್ಮುವ ಡೀಸೆಲ್ ಚರ್ಮದೊಳಗೇ ಇಳಿಯಬಲ್ಲದು. ಸೆಲ್ಫ್ ಒಂದು ಸಲಕ್ಕೆ ಹತ್ತು ಸೆಕೆಂಡು ಸಾಕು; ಮಧ್ಯೆ ಒಂದು ನಿಮಿಷ ಬಿಡಿ.

ಜೀಪು ಸ್ಟಾರ್ಟ್ ಆಯಿತು. ಐದೇ ನಿಮಿಷಕ್ಕೆ ನಿಂತಿತು! ಅಂದರೆ ಗಾಳಿ ಎಲ್ಲಿಂದಲೋ ಮತ್ತೆ ಸೇರುತ್ತಿದೆ. ಎಲ್ಲೂ ಒಂದು ಹನಿ ಸೋರಿಕೆ ಇಲ್ಲ. ಇಲ್ಲೇ ನಾವು ಮೋಸ ಹೋಗುವುದು. ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯುವುದು, ತಳ್ಳುವುದಲ್ಲ. ಆ ಭಾಗದಲ್ಲಿ ಸಂದು ಇದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ.

ಭಾವ ಒಂದು ಉಪಾಯ ಹೇಳಿದರು. ಐದು ಲೀಟರಿನ ಕ್ಯಾನಿನಲ್ಲಿ ಡೀಸೆಲ್ ತುಂಬಿಸಿ ಎಂಜಿನ್‌ಗಿಂತ ಎತ್ತರದಲ್ಲಿಟ್ಟೆವು. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪಿನ ತುಂಡಿನಿಂದ ನೇರ ಫೀಡ್ ಪಂಪಿಗೆ ಕೊಟ್ಟು ಮತ್ತೆ ಗಾಳಿ ತೆಗೆದೆವು. ಅರ್ಧ ಗಂಟೆ ನಿಲ್ಲದೆ ಓಡಿತು. ಹಾಗಾದರೆ ಎಂಜಿನ್ ಸರಿ, ಪಂಪು ಸರಿ, ದೋಷ ಟ್ಯಾಂಕಿನಿಂದ ಬರುವ ಲೈನಿನಲ್ಲಿ. ಹುಡುಕಿದರೆ ಫೀಡ್ ಪಂಪಿಗೆ ಪೈಪನ್ನು ಹಿಡಿದಿಡುವ ಬೋಲ್ಟಿನ ತಾಮ್ರದ ವಾಷರ್ ಹಳೆಯದೇ ಇತ್ತು, ಒತ್ತಿ ಒತ್ತಿ ಸವೆದಿತ್ತು. ನಾನು ಬೇರೆ ಜೀಪನ್ನು ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿದ್ದೆ. ರಾತ್ರಿಯಿಡೀ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ಇಳಿದಿತ್ತು.

ಭಾವ ಪಿಕಪ್ಪಿನ ಸಾಮಾನು ಡಬ್ಬಿಯಿಂದ ಅದೇ ಅಳತೆಯ ವಾಷರ್ ಕೊಟ್ಟರು. ಹತ್ತೂವರೆಗೆ ಪೇಟೆಗೆ ಹೊರಟೆ. ಮದ್ದಿನವರು ಕಾದಿದ್ದರು, ಅರ್ಧ ತೋಟಕ್ಕೆ ಅಂದೇ ಬಿಟ್ಟಾಯಿತು.

ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡೋಣ ಎಂದು ಯಾರೋ ಹೇಳಿದ್ದರು. ಗಾಳಿ ಹಿಡಿದ ಎಂಜಿನ್ ತಳ್ಳಿದರೂ ಹೊರಡದು. ಬೂಸ್ಟರ್ ಇರುವ ಗಾಡಿಯಲ್ಲಿ ಎಂಜಿನ್ ಓಡದಿದ್ದರೆ ಬ್ರೇಕೂ ಗಟ್ಟಿ. ಬೇಡವೇ ಬೇಡ.

ರಿಪೇರಿಯಾದ ಗಾಡಿ ಕೈಕೊಟ್ಟರೆ ದೊಡ್ಡ ದೋಷ ಹುಡುಕುವ ಮೊದಲು, ಕೊನೆಗೆ ಕೈ ಹಾಕಿದ್ದು ಎಲ್ಲಿಗೆ ಎಂದು ಕೇಳಿ. ಈಗ ನನ್ನ ಜೀಪಿನಲ್ಲಿ ನಾಲ್ಕು ತಾಮ್ರದ ವಾಷರ್, ಒಂದೂವರೆ ಮೀಟರ್ ಪೈಪು ಸದಾ ಇರುತ್ತವೆ. ಮೆಕ್ಯಾನಿಕ್‌ಗೆ ಸಂಜೆ ಫೋನ್ ಮಾಡಿ, ಬೈದದ್ದಕ್ಕೆ ತಪ್ಪಾಯಿತು ಎಂದೆ. "ವಾಷರ್ ನಾನು ಬದಲಿಸಬೇಕಿತ್ತು ಅಣ್ಣ" ಎಂದರು. ಇಬ್ಬರೂ ಕಲಿತೆವು.