ಯಂತ್ರಾಗಾರದ ಎಚ್ಚರಿಕೆಯ ಗಂಟೆ

ಕಣ ವೇಗೋತ್ಕರ್ಷಕದಂತಹ ಬೃಹತ್ ವೈಜ್ಞಾನಿಕ ಯಂತ್ರವನ್ನು ನಡೆಸುವ ಕೊಠಡಿಯಲ್ಲಿ ಕುಳಿತವರು ಕೆಲವರೇ. ಅವರು ಕಾಯಬೇಕಾದ ಅಳತೆಗಳಾದರೋ ಸಾವಿರಾರು. ನಿರ್ವಾತದ ಒತ್ತಡ, ಅಯಸ್ಕಾಂತಗಳ ವಿದ್ಯುತ್ ಪ್ರವಾಹ, ತಂಪುನೀರಿನ ಉಷ್ಣತೆ ಮೊದಲಾದುವೆಲ್ಲವನ್ನೂ ಕಣ್ಣಿನಿಂದಲೇ ನೋಡುತ್ತಿರುವುದು ಮನುಷ್ಯಸಾಧ್ಯವಲ್ಲ. ಆ ಕಾವಲನ್ನು ಇಂದು ಎಚ್ಚರಿಕೆಯ ತಂತ್ರಾಂಶಕ್ಕೆ ಒಪ್ಪಿಸಲಾಗಿದೆ. ಅದು ಕೆಲಸಮಾಡುವ ಬಗೆಯನ್ನೂ, ಅದನ್ನು ನಡೆಸುವವರು ಮರೆಯಬಾರದ ಕೆಲವು ಸಂಗತಿಗಳನ್ನೂ ಇಲ್ಲಿ ವಿವರಿಸುತ್ತೇವೆ.

ಮೊದಲು ಒಂದು ಭೇದವನ್ನು ಗಮನಿಸಬೇಕು. ಅಪಾಯ ತೋರಿದ ಕೂಡಲೆ ಯಂತ್ರವನ್ನು ತಾನಾಗಿಯೇ ನಿಲ್ಲಿಸುವ ರಕ್ಷಣಾ ವ್ಯವಸ್ಥೆ ಬೇರೆ. ಎಚ್ಚರಿಕೆಯ ವ್ಯವಸ್ಥೆ ಬೇರೆ. ಮೊದಲನೆಯದು ಮನುಷ್ಯನಿಗಾಗಿ ಕಾಯುವುದಿಲ್ಲ. ಎರಡನೆಯದು ಇರುವುದೇ ಮನುಷ್ಯನಿಗಾಗಿ. ಆದುದರಿಂದ, ಕೇಳಿದವನು ಮಾಡಬೇಕಾದ ಕಾರ್ಯವೇನೂ ಇಲ್ಲದಿದ್ದರೆ ಅದನ್ನು ಎಚ್ಚರಿಕೆಯೆಂದು ಕರೆಯಲಾಗದು.

ಅಮೆರಿಕದ ಲಾಸ್ ಅಲಾಮೋಸ್ ಮತ್ತು ಆರ್ಗಾನ್ ಪ್ರಯೋಗಶಾಲೆಗಳು ಕೂಡಿ ಬೆಳೆಸಿದ, ಈಗ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ‘ಎಪಿಕ್ಸ್’ ನಿಯಂತ್ರಣ ವ್ಯವಸ್ಥೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದರಲ್ಲಿ ಒಂದು ಅಳತೆಗೆ ಮೇಲೆ ಎರಡು, ಕೆಳಗೆ ಎರಡು ಮಿತಿಗಳನ್ನು ಗೊತ್ತುಮಾಡಬಹುದು. ಒಳಮಿತಿಯನ್ನು ದಾಟಿದರೆ ಸಾಮಾನ್ಯವಾಗಿ ಕಿರಿಯ ಎಚ್ಚರಿಕೆ, ಹೊರಮಿತಿಯನ್ನು ದಾಟಿದರೆ ಹಿರಿಯ ಎಚ್ಚರಿಕೆ; ಅಳತೆಯೇ ನಂಬಲರ್ಹವಲ್ಲವಾದರೆ ಅದು ‘ಅಸಿಂಧು’. ನೀರಿನ ಉಷ್ಣತೆಯ ಮೇಲ್ಮಿತಿ 30 ಡಿಗ್ರಿ ಎಂದಿಟ್ಟುಕೊಳ್ಳೋಣ. ಅದು 29.9ಕ್ಕೂ 30.1ಕ್ಕೂ ನಡುವೆ ತೂಗಾಡುತ್ತಿದ್ದರೆ ಗಂಟೆ ಬಡಿಯುತ್ತಲೂ ನಿಲ್ಲುತ್ತಲೂ ಇರುವುದು. 1 ಡಿಗ್ರಿಯ ಅಂತರವನ್ನು ವಿಧಿಸಿದರೆ, ಒಮ್ಮೆ ಎದ್ದ ಎಚ್ಚರಿಕೆಯು ಉಷ್ಣತೆ 29ಕ್ಕೆ ಇಳಿದ ಮೇಲೆಯೇ ಶಮನವಾಗುತ್ತದೆ.

ಈ ಸೂಚನೆಗಳನ್ನೆಲ್ಲ ಒಂದೆಡೆ ಕಲೆಹಾಕುವುದು ಸದಾ ಎಚ್ಚತ್ತಿರುವ ‘ಸರ್ವರ್’ನ ಕೆಲಸ. ಎಪಿಕ್ಸ್‌ನೊಡನೆ ಬಳಸುವ ‘ಫೀಬಸ್’ ತಂತ್ರಾಂಶದಲ್ಲಿ ಅದು ತೆರೆಯ ಮೇಲಣ ಪ್ರದರ್ಶನದಿಂದ ಪ್ರತ್ಯೇಕವಾಗಿ ನಡೆಯುತ್ತದೆ. ತೆರೆ ಮುಚ್ಚಿದರೂ ಕಾವಲು ನಿಲ್ಲದು. ಕ್ಷಣಮಾತ್ರ ಬಂದು ಹೋದ ದೋಷವನ್ನೂ, ನಿರ್ವಾಹಕನು ಕಂಡೆನೆಂದು ಒಪ್ಪುವವರೆಗೆ ಅದು ಉಳಿಸಿಕೊಳ್ಳಬಲ್ಲುದು. ಪ್ರತಿಯೊಂದು ಎಚ್ಚರಿಕೆಯ ಜೊತೆಗೆ ಮಾಡಬೇಕಾದ ಕಾರ್ಯದ ಸೂಚನೆಯನ್ನೂ ಬರೆದಿಡಬಹುದು.

ಎಚ್ಚರಿಕೆಗಳು ಹೆಚ್ಚಿದಷ್ಟೂ ಕ್ಷೇಮವೆಂಬ ಭಾವನೆ ಸಹಜವಾದರೂ ಸರಿಯಲ್ಲ. ಪ್ರಯೋಗಶಾಲೆಯಲ್ಲದೆ ವಿದ್ಯುತ್ಕೇಂದ್ರವೊಂದರಲ್ಲಿ ನಡೆದ ಘಟನೆಯೇ ಇದಕ್ಕೆ ಸಾಕ್ಷಿ. 1979ರ ಮಾರ್ಚ್ 28ರಂದು ಪೆನ್ಸಿಲ್ವೇನಿಯದ ಥ್ರೀ ಮೈಲ್ ಐಲೆಂಡ್ ಪರಮಾಣು ಕೇಂದ್ರದಲ್ಲಿ ಅವಘಡ ಮೊದಲಾದ ಕೆಲವೇ ನಿಮಿಷಗಳಲ್ಲಿ ನೂರಕ್ಕೂ ಹೆಚ್ಚು ಎಚ್ಚರಿಕೆಗಳು ಒಮ್ಮೆಗೇ ಎದ್ದವು. ಮುಖ್ಯವಾದುವನ್ನು ಅಮುಖ್ಯವಾದುವುಗಳಿಂದ ಬೇರ್ಪಡಿಸುವ ಉಪಾಯವಿರಲಿಲ್ಲ. ಕವಾಟವೊಂದು ಮುಚ್ಚದೆ ಉಳಿದು ತಂಪುನೀರು ಸೋರಿಹೋಗುತ್ತಿದ್ದುದು ನಿರ್ವಾಹಕರಿಗೆ ಬಹುಹೊತ್ತು ತಿಳಿಯಲಿಲ್ಲ. 1999ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಕೈಗಾರಿಕಾ ಮಾರ್ಗದರ್ಶಿಯೊಂದು, ಒಬ್ಬ ನಿರ್ವಾಹಕನಿಗೆ ಸರಾಸರಿ 10 ನಿಮಿಷಕ್ಕೆ ಒಂದು ಎಚ್ಚರಿಕೆಗಿಂತ ಹೆಚ್ಚು ಬಾರದಿರುವುದು ಲೇಸೆಂದು ಹೇಳಿತು.

ಕೊನೆಯದಾಗಿ, ಮೌನಕ್ಕೆ ಎರಡು ಅರ್ಥಗಳುಂಟು. ಯಂತ್ರವು ಕ್ಷೇಮವಾಗಿದ್ದರೂ ಗಂಟೆ ಬಡಿಯದು. ಕಾವಲುಗಾರನೇ ಸತ್ತಿದ್ದರೂ ಬಡಿಯದು. ಆದುದರಿಂದಲೇ ಸರ್ವರ್ ತಾನು ಜೀವಂತವಾಗಿರುವೆನೆಂಬ ಸಂಕೇತವನ್ನು ಆಗಾಗ ಕಳುಹಿಸುತ್ತದೆ. ಅದು ಬಾರದಿದ್ದರೆ ಪ್ರದರ್ಶನವು ಆ ಸಂಗತಿಯನ್ನೇ ಸಾರುತ್ತದೆ. ಇಂತಹ ವ್ಯವಸ್ಥೆಯನ್ನು ನಡೆಸುವುದೆಂದರೆ ಒಮ್ಮೆ ಸ್ಥಾಪಿಸಿ ಬಿಡುವುದಲ್ಲ. ವ್ಯರ್ಥವಾಗಿ ಬಡಿಯುವುದನ್ನು ತೆಗೆದುಹಾಕುತ್ತ, ಮಿತಿಗಳನ್ನು ತಿದ್ದುತ್ತ, ಮೌನವನ್ನೂ ಪರೀಕ್ಷಿಸುತ್ತ ಇರುವುದೇ ಅದರ ಧರ್ಮವೆಂದು ನಾವು ಭಾವಿಸುತ್ತೇವೆ.